ತಿದ್ದಿದ್ದು ಉಳಿಯಲಿ

ಬಿ.ಎ. ಓದುವವನಿಗೆ ಕಂಪ್ಯೂಟರಿನ ಗೊಡವೆ ಏಕೆಂದು ಮಿತ್ರರು ಕೇಳುವುದುಂಟು. ಕಾರಣ ಹೇಳುತ್ತೇನೆ.

ಕ್ರೋಮ್ ಬ್ರೌಸರಿನಲ್ಲಿ ಜಾಲಪುಟದ ದೋಷ ಹುಡುಕಲು ‘ಡೆವ್‌ಟೂಲ್ಸ್’ ಎಂಬ ಸಲಕರಣೆಯುಂಟು. ಅಲ್ಲಿ ಅಕ್ಷರದ ಗಾತ್ರ ತಿದ್ದಿದರೆ ಕೂಡಲೆ ಕಾಣುತ್ತದೆ. ಪುಟವನ್ನು ಮತ್ತೆ ತೆರೆದೊಡನೆ ಅಳಿದುಹೋಗುತ್ತದೆ. ಪುಟದ ಕಡತಗಳಿರುವ ಫೋಲ್ಡರನ್ನು ಅದರ ‘ವರ್ಕ್‌ಸ್ಪೇಸ್’ಗೆ ಸೇರಿಸಿ ಅನುಮತಿಯಿತ್ತರೆ, ತಿದ್ದಿದ್ದು ಕಡತಕ್ಕೇ ಇಳಿಯುತ್ತದೆ. 2015ರಲ್ಲಿ ಬಂದ ವಿ.ಎಸ್. ಕೋಡ್ ಎಂಬ ಸಂಪಾದಕದಲ್ಲಿ ಅದೇ ಕಡತ ತೆರೆದಿದ್ದರೆ, ಅಲ್ಲಿಯೂ ತಿದ್ದುಪಡಿ ಮೂಡುತ್ತದೆ.

ಚಿಟಗುಪ್ಪದ ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲೇರಿದವನು ನಾನೊಬ್ಬನೆ. ಅಕ್ಷರ ಬಾರದ ಅಜ್ಜಿಗೆ ಬೀಸುವ ಪದಗಳೆಲ್ಲ ಬಾಯಿಪಾಠ. ಅವಕ್ಕಾಗಿ ಈ ಪುಟ ಕಟ್ಟುತ್ತಿದ್ದೇನೆ. ಆಕೆಗೆ ವಯಸ್ಸಾಗಿದೆ. ಹಾಡಿದ್ದು ಗಾಳಿಗೆ ಹೋಗುವ ಮುನ್ನ ಕಡತಕ್ಕಿಳಿಯಬೇಕು. ಇದು ಓದಿದವನ ಹೊಣೆಯಲ್ಲವೆ?