ತಿಲೋತ್ತಮ ನಮ್ಮ ದಾರಿಯಲ್ಲೇ ಬರುತ್ತಿದ್ದರು



2024ರ ಮೇ 12, ಭಾನುವಾರ. ಮರುದಿನ ತೆಲಂಗಾಣದಲ್ಲಿ ಲೋಕಸಭೆಗೆ ಮತದಾನವಿತ್ತು. ಬೆಂಗಳೂರು, ಪುಣೆ, ಮುಂಬೈಗೆ ದುಡಿಯಲು ಹೋದ ನಮ್ಮ ಕಡೆಯವರು ಓಟು ಹಾಕಲು ಊರಿಗೆ ಬರುವ ಹೊತ್ತು. ಅಂದು ಒಂದು ಸುದ್ದಿ ಬಂತು. ಮಹಬೂಬ್‌ನಗರ ಜಿಲ್ಲೆಯ ಭೂತ್ಪುರದ ಬಳಿ, 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಕಾರೊಂದು ಅಪಘಾತಕ್ಕೆ ಸಿಕ್ಕಿ ಕಿರುತೆರೆ ನಟಿ ಪವಿತ್ರಾ ಜಯರಾಂ ತೀರಿಕೊಂಡಿದ್ದರು. ಕರ್ನಾಟಕದಿಂದ ಹೈದರಾಬಾದಿಗೆ ಮರಳುತ್ತಿದ್ದರು.

ಹೆಸರು ಹೇಳಿದರೆ ನಮ್ಮ ಮನೆಗಳಲ್ಲಿ ಬಹಳ ಮಂದಿಗೆ ಗೊತ್ತಾಗಲಿಲ್ಲ. ‘ತ್ರಿನಯನಿ’ಯ ತಿಲೋತ್ತಮ ಎಂದ ಕೂಡಲೇ ಎಲ್ಲರೂ ಟಿವಿ ಕಡೆ ತಿರುಗಿದರು. 2020ರಲ್ಲಿ ಜೀ ತೆಲುಗುವಿನಲ್ಲಿ ಶುರುವಾದ ಧಾರಾವಾಹಿ ಅದು. ಅದರ ಖಳನಾಯಕಿ ತಿಲೋತ್ತಮ. ಸಂಜೆ ಆಕೆ ಪರದೆ ಮೇಲೆ ಬಂದರೆ ಸಾಕು, ರೊಟ್ಟಿ ತಟ್ಟುತ್ತಿದ್ದ ನಮ್ಮ ಅವ್ವಂದಿರು ಅಡುಗೆಮನೆಯಿಂದಲೇ “ಈಕಿ ಮನಿ ಹಾಳಾಗ” ಅನ್ನುತ್ತಿದ್ದರು. ಖಳನಾಯಕಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕೇ? ಅವರೇ ಆ ದಿನ ಕೇಳಿದ್ದು, “ಈಕಿ ನಮ್ಮ ಕನ್ನಡದಾಕಿ ಏನಬೇ?”

ಹೌದು, ಕನ್ನಡದಾಕೆಯೇ. ಮಂಡ್ಯದವರು. ‘ಜೋಕಾಲಿ’, ‘ರೋಬೋ ಫ್ಯಾಮಿಲಿ’ ಮುಂತಾದ ಕನ್ನಡ ಧಾರಾವಾಹಿಗಳಲ್ಲಿ ನಟಿಸಿ, ಆಮೇಲೆ ‘ನಿನ್ನೇ ಪೆಳ್ಳಾಡತಾ’ ಮೂಲಕ ತೆಲುಗಿಗೆ ಹೋದವರು. ಮಕ್ಕಳ ತಾಯಿ. ‘ತ್ರಿನಯನಿ’ಯ ನಾಯಕಿ ಆಶಿಕಾ ಪಡುಕೋಣೆ, ನಾಯಕ ಚಂದು ಗೌಡ ಕೂಡ ಕನ್ನಡದವರೇ. ನಾರಾಯಣಪೇಟೆ, ಮಕ್ತಲ್, ಗದ್ವಾಲಗಳಲ್ಲಿ ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ ಆಡಿ ಬೆಳೆದ ನಮಗೆ ಇದು ತಮಾಷೆಯೂ ಹೌದು, ಹೆಮ್ಮೆಯೂ ಹೌದು. ತೆಲುಗು ಮನೆಗಳು ಬಯ್ಯುತ್ತಾ ನೋಡುವ ಅತ್ತೆ, ಮೆಚ್ಚುತ್ತಾ ನೋಡುವ ಸೊಸೆ, ಇಬ್ಬರೂ ನಮ್ಮ ಭಾಷೆಯವರು!

ಆದರೆ ಹೆಮ್ಮೆಯ ಹಿಂದೆ ಇರುವ ಕೆಲಸ ಎಂಥದ್ದು? ದಿನಕ್ಕೊಂದು ಕಂತು ಬೇಕೆಂದರೆ ಸೆಟ್ಟಿನಲ್ಲಿ ಬೆಳಗ್ಗೆಯಿಂದ ರಾತ್ರಿಯವರೆಗೆ ಶೂಟಿಂಗ್ ನಡೆಯಲೇಬೇಕು. ಸಂಬಳ ತಿಂಗಳದ್ದಲ್ಲ, ಕೆಲಸ ಮಾಡಿದ ದಿನದ ಲೆಕ್ಕ. ಜ್ವರ ಬಂದು ಮಲಗಿದರೆ ಆ ದಿನದ ಕೂಲಿ ಇಲ್ಲ. ಪಾತ್ರ ಬೇಡವೆನಿಸಿದರೆ ಕಥೆಯಲ್ಲಿ ಆಕೆಯನ್ನು ಊರಿಗೆ ಕಳಿಸುತ್ತಾರೆ, ಅಷ್ಟೇ. ಬೇರೆ ಭಾಷೆಯಿಂದ ಬಂದವರಿಗೆ ಸಂಭಾಷಣೆಯನ್ನು ಪಕ್ಕದಲ್ಲಿ ನಿಂತು ಓದಿ ಹೇಳುತ್ತಾರೆ. ಎಷ್ಟೋ ಸಲ ತೆರೆಯ ಮೇಲೆ ಕೇಳುವ ದನಿಯೂ ಅವರದ್ದಲ್ಲ, ಡಬ್ಬಿಂಗ್ ಕಲಾವಿದೆಯದು. ಸೀರೆ, ಒಡವೆಗಳನ್ನು ಎಷ್ಟೋ ನಟಿಯರು ತಾವೇ ಕೊಳ್ಳಬೇಕು, ಉಟ್ಟದ್ದನ್ನೇ ಮತ್ತೆ ಮತ್ತೆ ಉಡುವಂತಿಲ್ಲ. (ನಮ್ಮ ನೇಕಾರರ ಮನೆಗಳಲ್ಲಿ ನಟಿಯ ಮುಖಕ್ಕಿಂತ ಮೊದಲು ಸೀರೆಯ ಅಂಚು ನೋಡುತ್ತಾರೆ. ಗದ್ವಾಲದ್ದೋ, ನಾರಾಯಣಪೇಟೆಯದ್ದೋ, ಯಂತ್ರದ ನಕಲೋ ಎಂದು ವಾದ ಹತ್ತಿದರೆ ಕಥೆ ಮುಂದೆ ಹೋಗಿದ್ದೇ ತಿಳಿಯುವುದಿಲ್ಲ.)

ಇದೆಲ್ಲಕ್ಕಿಂತ ದೊಡ್ಡದು ಓಡಾಟ. ಕುಟುಂಬ ಕರ್ನಾಟಕದಲ್ಲಿ, ಶೂಟಿಂಗ್ ಹೈದರಾಬಾದಿನಲ್ಲಿ. ತಿಂಗಳಲ್ಲಿ ಕೆಲವು ದಿನ ಇಲ್ಲಿ, ಕೆಲವು ದಿನ ಅಲ್ಲಿ. ನಡುವೆ ಸುಮಾರು 570 ಕಿಲೋಮೀಟರ್ ರಸ್ತೆ. ಒಂದು ದಿನ ಉಳಿಸಬೇಕೆಂದರೆ ರಾತ್ರಿಯೇ ಹೊರಡಬೇಕು. ಕರ್ನೂಲು ದಾಟಿ, ಎರ್ರವಳ್ಳಿ ಚೌರಸ್ತಾ ದಾಟಿ, ಬೀಚುಪಲ್ಲಿಯಲ್ಲಿ ಕೃಷ್ಣೆಯನ್ನು ದಾಟಿದರೆ ಮುಂದೆ ಭೂತ್ಪುರ. ಗದ್ವಾಲದವರು ಹೈದರಾಬಾದಿಗೆ ಹೋಗುವುದು ಇದೇ ರಸ್ತೆಯಲ್ಲಿ. ನಾರಾಯಣಪೇಟೆ, ಮಕ್ತಲ್‌ನವರು ಮಹಬೂಬ್‌ನಗರದ ಮೇಲೆ ಬಂದು ಜಡ್ಚೆರ್ಲದಲ್ಲಿ ಸೇರುತ್ತಾರೆ.

ಪಾಲಮೂರು ವಲಸೆ ಎಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಮಳೆ ಕೈಕೊಟ್ಟ ವರ್ಷ ಇಡೀ ಓಣಿಗಳು ಬೀಗ ಹಾಕಿಕೊಂಡು ಹೋದದ್ದನ್ನು ಹಿರಿಯರು ಕಂಡಿದ್ದಾರೆ. ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಕಟ್ಟಡದ ಕೆಲಸಕ್ಕೆ ಹೋದ ತಾಯಂದಿರು ನಮ್ಮ ನಡುವೆಯೇ ಇದ್ದಾರೆ. ಬಣ್ಣ ಹಚ್ಚಿಕೊಂಡ ಕೆಲಸಗಾರ್ತಿಯೂ ಇದೇ ಸಾಲಿನವಳು ಎಂದರೆ ನಗಬೇಡಿ. ಆಕೆಗೆ ಕಾರಿತ್ತು, ಇವರಿಗೆ ಸರ್ಕಾರಿ ಬಸ್ಸು. ಆ ವ್ಯತ್ಯಾಸ ಸಣ್ಣದೇನಲ್ಲ. ಆದರೆ ನಿದ್ದೆಗಣ್ಣಿನ ಚಾಲಕ, ನಾಳೆ ಬೆಳಗ್ಗೆಯೇ ಹಾಜರಿರಬೇಕೆಂಬ ಆತುರ, ಫೋನಿನಲ್ಲಿ ಮಾತ್ರ ಸಿಗುವ ಮಕ್ಕಳು, ಇವು ಇಬ್ಬರಿಗೂ ಗೊತ್ತಿರುವ ಸಂಗತಿಗಳು.

ಸುದ್ದಿವಾಹಿನಿಗಳಿಗೆ ಇದ್ಯಾವುದೂ ಬೇಕಿರಲಿಲ್ಲ. ಆಕೆಯ ಜೊತೆ ನಟಿಸಿದ್ದ ಚಂದ್ರಕಾಂತ್ ಅದೇ ಕಾರಿನಲ್ಲಿದ್ದರು, ಗಾಯಗೊಂಡು ಉಳಿದಿದ್ದರು. ಇಬ್ಬರ ನಡುವಿನ ಸಂಬಂಧವೇನು ಎಂಬುದೇ ದಿನವಿಡೀ ಚರ್ಚೆಯಾಯಿತು. ಐದು ದಿನ ಕಳೆದು, ಮೇ 17ರಂದು, ಚಂದ್ರಕಾಂತ್ ತಾವಾಗಿಯೇ ಜೀವ ಕಳೆದುಕೊಂಡರು. ಅದಕ್ಕೂ ಅದೇ ಚರ್ಚೆ, ಅದೇ ಹಿನ್ನೆಲೆ ಸಂಗೀತ. ಸತ್ತವರ ಮನೆಯ ಬಾಗಿಲಿಗೆ ಮೈಕು ಹಿಡಿದು ನಿಲ್ಲುವವರಿಗೆ ನಾವು ಹೇಳುವುದೇನಿದೆ? ಚಾನೆಲ್ ಬದಲಾಯಿಸಬಹುದು, ಅಷ್ಟು ನಮ್ಮ ಕೈಯಲ್ಲಿದೆ. ದುಃಖದಲ್ಲಿ ಮುಳುಗಿ ಮಾತು ನಿಲ್ಲಿಸಿದ ಗೆಳೆಯ ಯಾರಾದರೂ ನಿಮ್ಮ ಓಣಿಯಲ್ಲಿದ್ದರೆ ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸಿಗುತ್ತದೆ, ದುಡ್ಡು ಬೇಕಿಲ್ಲ, ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡುತ್ತಾರೆ.

ನಮ್ಮ ಯುವಜನರ ಗುಂಪಿನಲ್ಲೇ ಒಬ್ಬ ತಂಗಿಗೆ ನಟನೆಯ ಹುಚ್ಚು. ಕ್ರಿಸ್ಮಸ್ ನಾಟಕದಲ್ಲಿ ಹೆರೋದನ ಪಾತ್ರ ಮಾಡಿ ಚಿಕ್ಕ ಮಕ್ಕಳನ್ನು ಅಳಿಸಿದವಳು. ಆಡಿಷನ್‌ಗೆ ಹೈದರಾಬಾದಿಗೆ ಹೋಗುತ್ತೇನೆ ಎಂದಾಗ ಅವಳ ಅಪ್ಪನಿಗೆ ಹೆದರಿಕೆ, ಅವ್ವನಿಗೆ ಆಸೆ. ಬೇಡ ಎನ್ನಲು ನಮಗೆ ಮನಸ್ಸಾಗಲಿಲ್ಲ. ಕುಳಿತು ಪ್ರಶ್ನೆಗಳನ್ನು ಬರೆದುಕೊಟ್ಟೆವು. ದಿನಕ್ಕೆ ಎಷ್ಟು ಕೊಡುತ್ತಾರೆ, ಆ ಹಣ ಎಷ್ಟು ತಿಂಗಳಿಗೆ ಕೈಗೆ ಬರುತ್ತದೆ, ಬರೆದ ಕರಾರು ಇದೆಯೇ? ಸೀರೆ ಯಾರದು, ಉಳಿಯುವುದು ಎಲ್ಲಿ? ಆಡಿಷನ್‌ಗೇ ದುಡ್ಡು ಕೇಳಿದರೆ ಎದ್ದು ಬಂದುಬಿಡು. ಕೊನೆಯದನ್ನು ಅವಳ ಅಪ್ಪನೇ ಸೇರಿಸಿದರು: ಪ್ಯಾಕಪ್ ಆದ ರಾತ್ರಿ ಊರಿಗೆ ಹೊರಡಬೇಡ, ಮಲಗಿ ಎದ್ದು ಬೆಳಗಿನ ಬಸ್ಸಿಗೆ ಬಾ.

‘ತ್ರಿನಯನಿ’ ನಿಲ್ಲಲಿಲ್ಲ. ತಿಲೋತ್ತಮಳ ಪಾತ್ರಕ್ಕೆ ಬೇರೊಬ್ಬ ನಟಿ ಬಂದರು. ನಮ್ಮ ಅವ್ವಂದಿರು ಕೆಲವು ದಿನ ಸುಮ್ಮನೆ ನೋಡಿದರು, ಆಮೇಲೆ ಅವರನ್ನೂ ಬಯ್ಯತೊಡಗಿದರು.