ಪಾಳಿ ಮುಗಿಸಿ ಬಂದ ಮತ

ಕೇಜು ಮೇಲೇರುತ್ತಿದೆ. ಕಿವಿ ಗವ್ವೆಂದು ಮುಚ್ಚಿ, ಮತ್ತೆ ಬಿಚ್ಚಿಕೊಳ್ಳುತ್ತದೆ. ಭುಜಕ್ಕೆ ಭುಜ ತಾಗಿಸಿ ನಿಂತವರ ಬೆವರಿಗೆ ಸಿಡಿಮದ್ದಿನ ಹೊಗೆ ಬೆರೆತಿದೆ. ಕೋಲಾರ ಚಿನ್ನದ ಗಣಿಗಳ ಈ ಚಾಂಪಿಯನ್ ರೀಫಿನ ತಳ ಮೂರು ಕಿಲೋಮೀಟರಿಗೂ ಆಳ. ಅಲ್ಲಿ ಬಂಡೆ ಮುಟ್ಟಿದರೆ ಅಂಗೈ ಚುರ್ರೆನ್ನುತ್ತದೆ. ಬಾಗಿಲು ಸರಿದದ್ದೇ 1983ರ ಜನವರಿ 5ರ ಚಳಿ ಎದೆಗೆ ಬಡಿಯುತ್ತದೆ. ಒದ್ದೆ ಬನಿಯನ್ ಬೆನ್ನಿಗಂಟುತ್ತದೆ. ಕೆಮ್ಮು ಬರುತ್ತದೆ. ಈಚೆಗೆ ಅದು ಬೇಗ ನಿಲ್ಲುವುದಿಲ್ಲ.

ಇವತ್ತು ವಿಧಾನಸಭೆಗೆ ಮತದಾನ. ಮನೆಗೆ ಹೋಗಿ ಮಲಗಿದರೆ ಏಳುವುದು ಸಂಜೆಗೇ, ಹಾಗಾಗಿ ಕಾಲು ನೇರ ಶಾಲೆಯ ಕಡೆಗೆ.

ದಾರಿಯ ಟೀ ಅಂಗಡಿಯಲ್ಲಿ ಯೂನಿಯನ್ನಿನ ಹಿರಿಯ ಕೂತಿದ್ದಾನೆ. "ಬನ್ನಿ ತೋಳರ್," ಅನ್ನುತ್ತಾನೆ, ಸಂಗಾತಿ ಎಂಬ ಅರ್ಥದಲ್ಲಿ, ಅಷ್ಟೇ. ಯಾವ ಗುರುತಿಗೆ ಒತ್ತಬೇಕೆಂದು ಗೇಟ್ ಮೀಟಿಂಗಿನಲ್ಲಿ ಆಗಲೇ ಹೇಳಿಯಾಗಿದೆ. ಹೋದ ವರ್ಷ ನಿಮ್ಮ ತಮ್ಮನ ಕಾಲಿನ ಮೇಲೆ ಬಂಡೆ ಬಿದ್ದಾಗ ಎರಡು ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತವನು ಇವನೇ. ಚಂದಾ ರಸೀದಿ ನಿಮ್ಮ ಜೇಬಿನಲ್ಲೇ ಇದೆ.

"ಹಾಕಿ ಬರ್ತೀನಣ್ಣಾ."

ಸಾಲು ಉದ್ದವಿದೆ. ಮುಂದೆ ನಿಂತ ಮುದುಕ 1946ರ ಮುಷ್ಕರ ಕಂಡವನು. ಆ ನವೆಂಬರಿನಲ್ಲಿ ಸತ್ತ ಆರು ಜನರ ಮಾತು ಬಂದರೆ ಇಂದಿಗೂ ಅವನ ದನಿ ನಡುಗುತ್ತದೆ. 1957ರಲ್ಲಿ ಕಮ್ಯುನಿಸ್ಟ್ ಎಂ.ಸಿ. ನರಸಿಂಹನ್ ಈ ಊರಿಂದ ಗೆದ್ದದ್ದು ಆ ನೆನಪು ಹಸಿಯಾಗಿದ್ದಾಗ. ಹಿಂದೆ ನಿಂತ ಹುಡುಗನ ಬಾಯಲ್ಲಿ ಎಂ.ಜಿ.ಆರ್. ಹಾಡು. ನಿಮ್ಮ ಮನೆಯ ಗೋಡೆಯಲ್ಲಿ ಬಾಬಾಸಾಹೇಬ್ ಅಂಬೇಡ್ಕರರ ಪಟವಿದೆ; ಹೋದ ಸಲ, 1978ರಲ್ಲಿ, ರಿಪಬ್ಲಿಕನ್ ಪಕ್ಷದ ಸಿ.ಎಂ. ಆರ್ಮುಗಂ ಗೆದ್ದಾಗ ಅಪ್ಪ ಆ ಪಟಕ್ಕೆ ಹೊಸ ಹಾರ ಹಾಕಿದ್ದ.

ಅಷ್ಟರಲ್ಲಿ ನೆಲ ಗುಡುಗುತ್ತದೆ.

ಅಂಗಾಲಿನಿಂದ ಮೊಣಕಾಲಿಗೆ ನಡುಕ ಹತ್ತುತ್ತದೆ. ಶಾಲೆಯ ಹೆಂಚು ಕಟಕಟ ಅನ್ನುತ್ತದೆ. ರಾಕ್ ಬರ್ಸ್ಟ್! ಆಳದಲ್ಲೆಲ್ಲೋ ಬಂಡೆ ಸಿಡಿದಿದೆ. ಹಾಡು ನಿಂತಿತು. ಎಲ್ಲರ ಮುಖ ಶಾಫ್ಟಿನತ್ತ ತಿರುಗಿತು. ಯಾವ ಲೆವೆಲ್ಲು? ಒಳಗೆ ಯಾರಿದ್ದಾರೆ? ಹೆಂಗಸೊಬ್ಬಳು ಸೆರಗು ಬಾಯಿಗೊತ್ತಿಕೊಂಡು ಸಾಲು ಬಿಟ್ಟು ಓಡುತ್ತಾಳೆ. ನೀವು ಕಿವಿಗೊಟ್ಟು ನಿಲ್ಲುತ್ತೀರಿ. ಸೈರನ್ ಕೂಗುವುದಿಲ್ಲ. ಒಂದು ನಿಮಿಷ. ಎರಡು. ಇಲ್ಲ. ಯಾರೋ ಉಸಿರು ಬಿಡುತ್ತಾರೆ, ಸಾಲು ಒಂದು ಹೆಜ್ಜೆ ಮುಂದಕ್ಕೆ ಸರಿಯುತ್ತದೆ.

ಒಳಗೆ ಎಡಗೈ ಬೆರಳಿಗೆ ಮಸಿ, ತಣ್ಣಗೆ. ಮತಪತ್ರ, ರಬ್ಬರ್ ಮುದ್ರೆ. ರಟ್ಟಿನ ಮರೆಯ ಹಿಂದೆ ನೀವೊಬ್ಬರೇ. ರಾತ್ರಿಯಿಡೀ ಡ್ರಿಲ್ ಹಿಡಿದ ಕೈ ಇನ್ನೂ ಅದುರುತ್ತಿದೆ.

ಯೂನಿಯನ್ ಹೇಳಿದ ಗುರುತು ಕಣ್ಣಿಗೆ ಬೀಳುತ್ತದೆ. ಆಸ್ಪತ್ರೆಯ ಬೆಂಚು ನೆನಪಾಗುತ್ತದೆ. ಆಮೇಲೆ ಎರಡೆಲೆ, ಎಂ.ಜಿ.ಆರ್. ಪಕ್ಷದ ಗುರುತು. ತಾತ ಉತ್ತರ ಆರ್ಕಾಟಿನಿಂದ ಬಂದವನು. ಆಫೀಸಿನಿಂದ ಬರುವ ಕಾಗದ ನಿಮ್ಮ ತಮಿಳಿನಲ್ಲಿರುವುದಿಲ್ಲ. ಇನ್ನೊಬ್ಬರ ಕೈಲಿ ಓದಿಸಬೇಕು. ಗಡಿಯಾಚೆ ಅಕ್ಕನ ಮಕ್ಕಳಿಗೆ ಹೋದ ವರ್ಷದಿಂದ ಶಾಲೆಯಲ್ಲಿ ಮಧ್ಯಾಹ್ನದ ಬಿಸಿ ಅನ್ನ, ಎಂ.ಜಿ.ಆರ್. ಸರ್ಕಾರದ್ದು. ಹೊರಗಿನವರು ಅವನ ಮೇಲಿನ ಈ ಒಲವನ್ನು ಸಿನಿಮಾ ಹುಚ್ಚೆಂದು ತಳ್ಳಿಹಾಕುತ್ತಾರೆ. ಅದು ಅನ್ಯಾಯ. ಪರದೆಯ ಮೇಲೆ ರಿಕ್ಷಾ ಎಳೆದವನು ತಮ್ಮ ಮಾತಲ್ಲೇ ತಮ್ಮನ್ನು ಮನುಷ್ಯರೆಂದದ್ದು ಈ ಲೈನ್ ಮನೆಗಳ ಜನಕ್ಕೆ ಸಣ್ಣ ಸಂಗತಿಯಲ್ಲ.

ಮುದ್ರೆ ಗಾಳಿಯಲ್ಲೇ ನಿಂತಿದೆ. ಅಧಿಕಾರಿ ಕೆಮ್ಮುತ್ತಾನೆ. ಬೇಗ. ಒತ್ತಿದಿರಿ. ಎರಡೆಲೆ. ಮಸಿ ಇನ್ನೊಂದು ಗುರುತಿಗೆ ಮೆತ್ತದಂತೆ ಉದ್ದಕ್ಕೆ ಮಡಿಸಿ ಪೆಟ್ಟಿಗೆಗೆ ಹಾಕುತ್ತೀರಿ.

ಅಣ್ಣಾ ಡಿ.ಎಂ.ಕೆ.ಯ ಭಕ್ತವತ್ಸಲಂ ಗೆಲ್ಲುತ್ತಾರೆ. ಎರಡೇ ವರ್ಷಕ್ಕೆ, 1985ರಲ್ಲಿ, ಇದೇ ಕೈಗಳು ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಟಿ.ಎಸ್. ಮಣಿಯವರನ್ನು ಗೆಲ್ಲಿಸುತ್ತವೆ. ಆದರೆ ಅದು ಇನ್ನೂ ಮುಂದಿನ ಮಾತು. ಈಗ ನೀವು ಟೀ ಅಂಗಡಿಯ ಮುಂದೆ ಹಾದುಹೋಗಲೇಬೇಕು.

"ಹಾಕಿದ್ರಾ?"

"ಹಾಕ್ದೆ."

ಅವನು ಮುಂದೆ ಕೇಳುವುದಿಲ್ಲ. ಬಿಸಿ ಲೋಟ ನಿಮ್ಮತ್ತ ತಳ್ಳುತ್ತಾನೆ. ನಿಮಗೆ ಮತ್ತೆ ಕೆಮ್ಮು. ಅವನು ಅದನ್ನೇ ಕೇಳಿಸಿಕೊಳ್ಳುತ್ತಾ ಕೂರುತ್ತಾನೆ.

"ಸೋಮವಾರ ಎದೆ ಎಕ್ಸ್‌ರೇ ತೆಗೆಸೋಣ, ನಾನೂ ಬರ್ತೀನಿ."

ತಲೆಯಾಡಿಸಿ ಲೋಟ ಎತ್ತುತ್ತೀರಿ, ಮಸಿ ಹತ್ತಿದ ಬೆರಳು ಅವನಿಗೆ ಕಾಣದ ಹಾಗೆ.