ಬರ್ಲಿನ್ನಿನಲ್ಲಿ ಸ್ವಂತ ಉದ್ಯೋಗ

ಬರ್ಲಿನ್ ನಗರದ ದಕ್ಷಿಣಕ್ಕೆ ನೋಯ್‌ಕೋಲ್ನ್ ಎಂಬ ಪೇಟೆಯುಂಟು. ಅದರ ಅಂಚಿನ ಕಾಲುವೆಯ ದಡದಲ್ಲಿ ಮಂಗಳವಾರವೂ ಶುಕ್ರವಾರವೂ ಸಂತೆ ಕೂಡುವುದು. ತುರ್ಕಿಯ ವರ್ತಕರು ಬದನೆಯಕಾಯಿ, ಕೊತ್ತಂಬರಿಸೊಪ್ಪುಗಳನ್ನು ಕೂಗಿ ಕೂಗಿ ಮಾರುವುದನ್ನು ಕೇಳಿದಾಗ, ಮೈಸೂರಿನ ದೇವರಾಜ ಮಾರುಕಟ್ಟೆಯನ್ನು ಬಿಟ್ಟು ಬಂದೆವೆಂಬುದು ಅರೆಗಳಿಗೆ ಮರೆತುಹೋಗುವುದು. 2024ನೆಯ ಇಸವಿಯ ಅಕ್ಟೋಬರಿನಲ್ಲಿ ನಾವು ಮೂರು ವಾರ ಆ ಸಂತೆಯ ಸಮೀಪದಲ್ಲಿಯೇ, ನಮ್ಮ ತಂಗಿಯ ಮಗನ ಮನೆಯಲ್ಲಿ ಇಳಿದುಕೊಂಡಿದ್ದೆವು. ಊರು ನೋಡುವ ಆಸೆಯೊಡನೆ ಒಂದು ರಾಯಭಾರವನ್ನೂ ಹೊತ್ತು ಹೋಗಿದ್ದೆವೆಂಬುದನ್ನು ವಾಚಕರಿಂದ ಮುಚ್ಚಿಡಲಾರೆವು.

ಹುಡುಗನು ಇಂಜಿನಿಯರು, ಕಂಪ್ಯೂಟರುಗಳಿಗೆ ಪ್ರೋಗ್ರಾಮು ಬರೆಯುವುದು ಕೆಲಸ. ಕೆಲವು ವರ್ಷ ಸಂಬಳಕ್ಕೆ ದುಡಿದು, ಅದನ್ನು ಬಿಟ್ಟು ಸ್ವತಂತ್ರವಾಗಿ ಕೆಲಸ ಹಿಡಿದಿದ್ದನು. ಆದರೆ ಅವನಿಗೆ ಕೆಲಸ ಕೊಡುತ್ತಿದ್ದುದು ಒಂದೇ ಸಂಸ್ಥೆ. ಮುಂದಿನ ವರ್ಷದ ಕರಾರು ಬೇಕಾದರೆ ಕಂಪನಿಯೊಂದನ್ನು ರಿಜಿಸ್ಟರು ಮಾಡಿಸಿಕೊಂಡು ಬಾ ಎಂದು ಅವರು ಹೇಳಿಬಿಟ್ಟರು. ಅಲ್ಲಿನ ಕಂಪನಿಗೆ 25,000 ಯೂರೋ ಬಂಡವಾಳ. ಸುದ್ದಿ ತಿಳಿದ ತಂಗಿಯ ಯಜಮಾನರು ಮೈಸೂರಿನಲ್ಲಿದ್ದ ನಿವೇಶನವನ್ನು ಮಾರಲು ಹೊರಟರು. ಮಗನು ಕಂಪನಿಯ ಯಜಮಾನನೆನಿಸುವುದು ಅವರಿಗೆ ದೊಡ್ಡ ಹೆಮ್ಮೆ. ತಂಗಿಗೋ ಆ ನಿವೇಶನವೊಂದೇ ಮುಪ್ಪಿನ ಆಸರೆ. "ಅಣ್ಣಾ, ನೀವೇ ಹೋಗಿ ನೋಡಿ ಬನ್ನಿ. ನಿಜವಾಗಿಯೂ ಬೇಕೆಂದರೆ ಮಾರೋಣ" ಎಂದಳು.

ಜರ್ಮನರು ಸ್ವಂತ ದುಡಿಮೆಯಲ್ಲಿ ಎರಡು ಜಾತಿಗಳನ್ನು ಮಾಡಿದ್ದಾರೆ. ವೈದ್ಯ, ವಕೀಲ, ಇಂಜಿನಿಯರು, ಅಧ್ಯಾಪಕ, ಭಾಷಾಂತರಕಾರ, ಲೇಖಕ, ಕಲಾವಿದ ಮುಂತಾದವರು ಮೊದಲನೆಯ ಜಾತಿ. ಇವರನ್ನು ಫ್ರೈಬೆರುಫ್ಲರ್ ಎನ್ನುವರು. ಫ್ರೈ ಎಂದರೆ ಸ್ವತಂತ್ರ. ಬೆರೂಫ್ ಎಂಬ ಮಾತು 'ಕರೆ' ಎಂಬರ್ಥದ ಶಬ್ದದಿಂದ ಹುಟ್ಟಿದುದು. ಇವರು ತೆರಿಗೆಯ ಕಚೇರಿಗೆ ಒಂದು ಪ್ರಶ್ನಾವಳಿಯನ್ನು ತುಂಬಿಕೊಟ್ಟು ನಂಬರು ಪಡೆದರೆ ತೀರಿತು; ವರ್ಷಕ್ಕೊಮ್ಮೆ ಬಂದುದಿಷ್ಟು, ವೆಚ್ಚವಿಷ್ಟು ಎಂದು ಬರೆದುಕೊಡುವುದೇ ಲೆಕ್ಕ. ವ್ಯಾಪಾರ ಮಾಡುವವರೆಲ್ಲ ಎರಡನೆಯ ಜಾತಿ. ಅವರು ವ್ಯಾಪಾರದ ಕಚೇರಿಯಲ್ಲಿ ಹೆಸರು ಬರೆಸಬೇಕು; ವರ್ಷದ ಲಾಭ 24,500 ಯೂರೋ ದಾಟಿದರೆ ವ್ಯಾಪಾರದ ತೆರಿಗೆಯೂ ಉಂಟು. ಒಂಟಿ ವರ್ತಕನಿಗೆ ಅದರ ಬಹುಭಾಗವನ್ನು ಆದಾಯದ ತೆರಿಗೆಯಲ್ಲಿ ಕಳೆದುಕೊಡುವುದರಿಂದ, ಜನರು ಹೆದರುವಷ್ಟು ಭಾರ ಬೀಳುವುದಿಲ್ಲ.

ಹುಡುಗನ ಹೆಂಡತಿ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವಳು. ಅವಳ ಜಾತಿಯಲ್ಲಿ ಯಾರಿಗೂ ಸಂಶಯವಿಲ್ಲ. ಅಲ್ಲಿ ಕಲಾವಿದರಿಗೆಂದು 1983ರಿಂದ ನಡೆಯುತ್ತಿರುವ ಒಂದು ನಿಧಿಯುಂಟು. ರೋಗದ ವಿಮೆ, ಪಿಂಚಣಿಗಳ ಕಂತಿನಲ್ಲಿ ಯಜಮಾನನು ಕೊಡಬೇಕಾಗಿದ್ದ ಅರ್ಧವನ್ನು ಅದು ಕೊಡುವುದು. ಆ ಹಣ ಬರುವುದು ಕಲಾವಿದರಿಂದ ಕೆಲಸ ಪಡೆಯುವ ಸಂಸ್ಥೆಗಳಿಂದಲೂ ಸರ್ಕಾರದಿಂದಲೂ. ನಮ್ಮ ನಾಡಿನ ಚಿತ್ರಗಾರರು ಇದನ್ನು ಕೇಳಿದರೆ ನಿಟ್ಟುಸಿರು ಬಿಟ್ಟಾರು. ಗಂಡನ ವಿಷಯ ಹಾಗಲ್ಲ. ಕಾಯಿದೆಯ ಪಟ್ಟಿಯಲ್ಲಿ ಇಂಜಿನಿಯರಿನ ಹೆಸರುಂಟು, ಪ್ರೋಗ್ರಾಮು ಬರೆಯುವವನ ಹೆಸರಿಲ್ಲ. ಕೆಲಸವು ಇಂಜಿನಿಯರಿನ ಕೆಲಸವನ್ನು ಹೋಲಬೇಕೆಂಬುದು ನ್ಯಾಯಾಲಯಗಳ ಮಾತು. ನಮ್ಮ ಹುಡುಗನು ಕಾಲೇಜಿನ ಪದವಿಪತ್ರವನ್ನು ತರಿಸಿ, ತಾನು ಮಾಡುವುದೇನೆಂದು ಎರಡು ಹಾಳೆ ಬರೆದುಕೊಟ್ಟು ಮೊದಲನೆಯ ಜಾತಿಗೆ ಸೇರಿದ್ದನು.

ಇನ್ನು ಕಂಪನಿಯ ದಾರಿ. ಅದನ್ನು ತೋರಿಸಿದವರು ಧಾರವಾಡದ ಕಡೆಯ ಒಬ್ಬ ಸ್ನೇಹಿತರು. ಚಿಕ್ಕಮಗಳೂರಿನ ಕಾಫಿಬೀಜವನ್ನು ಹ್ಯಾಂಬರ್ಗ್ ಬಂದರಿಗೆ ತರಿಸಿ, ಬರ್ಲಿನ್ನಿನಲ್ಲಿ ಹುರಿದು ಮಾರುವರು. (ಹುರಿದ ಕಾಫಿಗೆ ಆ ದೇಶದಲ್ಲಿ ಕಿಲೋ ಒಂದಕ್ಕೆ 2.19 ಯೂರೋ ಪ್ರತ್ಯೇಕ ಸುಂಕ; ಹಸಿಬೀಜಕ್ಕಿಲ್ಲ.) ಅವರು ಕಂಪನಿ ಕಟ್ಟಿದ ಬಗೆ ಕೇಳತಕ್ಕದ್ದು. ನೋಟರಿಯಾದವನು ಪತ್ರವನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಲೇಬೇಕೆಂಬುದು ಕಾಯಿದೆ. "ಪುರಾಣ ಕೇಳಲು ಕೂತಂಗ ಕೂತಿದ್ದೆ ನೋಡ್ರಿ. ದುಭಾಷಿ ಅರ್ಥ ಹೇಳತಿದ್ದರು, ಮಂಗಳಾರತಿ ಒಂದು ಇರಲಿಲ್ಲ" ಎಂದು ಅವರು ನಕ್ಕರು. ಬಂಡವಾಳದಲ್ಲಿ ಅರ್ಧ, ಎಂದರೆ 12,500 ಯೂರೋ, ಬ್ಯಾಂಕಿನಲ್ಲಿ ಬಿದ್ದಮೇಲೆಯೇ ಷಾರ್ಲಾಟೆನ್‌ಬುರ್ಗಿನ ನ್ಯಾಯಾಲಯದ ದಾಖಲೆಯಲ್ಲಿ ಹೆಸರು ಬೀಳುವುದು. ಉಳಿದರ್ಧಕ್ಕೆ ಅವರ ಹೊಣೆ ಹಾಗೆಯೇ ಉಳಿಯುವುದು. ಒಂದು ಯೂರೋವಿನಿಂದ ಕಟ್ಟಬಹುದಾದ ಕಿರಿಯ ಕಂಪನಿಯೂ 2008ರಿಂದ ಉಂಟು. ಆದರೆ ಬಂಡವಾಳ 25,000 ಆಗುವ ತನಕ ವರ್ಷದ ಲಾಭದಲ್ಲಿ ಕಾಲುಭಾಗವನ್ನು ಕೂಡಿಡುತ್ತಿರಬೇಕು.

ಇಷ್ಟು ತೊಂದರೆಯೇಕೆಂದು ಕೇಳಿದೆವು. ಹಡಗಿನಲ್ಲಿ ಬಂದ ಮಾಲು ಕೆಟ್ಟರೆ, ಕೊಂಡವನು ವ್ಯಾಜ್ಯ ಹೂಡಿದರೆ, ಸಾಲ ಕಂಪನಿಯದು, ಮನೆಮಠಕ್ಕೆ ಬರುವುದಿಲ್ಲವೆಂದರು. ಅವರಿಗೆ ಅದು ಯುಕ್ತವೇ. ಆದರೂ ಬ್ಯಾಂಕಿನವರು ಸಾಲ ಕೊಡುವಾಗ ಅವರ ಸ್ವಂತ ಜಾಮೀನನ್ನೂ ಬರೆಸಿಕೊಂಡರಂತೆ! ಸಾಲ ತೀರಿಸಲು ಹಣವಿಲ್ಲದಂತಾದರೆ ಮೂರು ವಾರದೊಳಗೆ ದಿವಾಳಿಯ ಅರ್ಜಿ ಹಾಕಬೇಕು. ತಡಮಾಡಿದರೆ ಯಜಮಾನನ ಕೊರಳಿಗೇ ಬರುವುದು. ಕಂಪನಿಯನ್ನು ಮುಚ್ಚುವುದಾದರೆ, ಸಾಲ ಕೊಟ್ಟವರಿಗೆ ಬಹಿರಂಗವಾಗಿ ತಿಳಿಸಿ ಒಂದು ವರ್ಷ ಕಾಯಬೇಕು. ಲಾಭಕ್ಕೆ ಎಲ್ಲ ಸೇರಿ ನೂರಕ್ಕೆ ಸುಮಾರು 30 ತೆರಿಗೆ. ಉಳಿದುದನ್ನು ಮನೆಗೆ ತಂದರೆ ಅದಕ್ಕೆ ಮತ್ತೊಂದು ತೆರಿಗೆ. ಲಾಭವನ್ನು ಕಂಪನಿಯಲ್ಲಿಯೇ ಬಿಟ್ಟು ಬೆಳೆಸುವವನಿಗೆ ಇದರಿಂದ ಅನುಕೂಲ. ಬಂದುದೆಲ್ಲ ಬಾಡಿಗೆಗೂ ಹಾಲಿಗೂ ಸರಿಯಾಗುವ ಸಂಸಾರಕ್ಕೆ ಏನು ಲಾಭವೋ ನಮಗೆ ತಿಳಿಯದು.

ಆ ರಾತ್ರಿ ಹುಡುಗನನ್ನು ಕೇಳಿದೆವು: "ನಿನಗೆ ಹಡಗೂ ಇಲ್ಲ, ಹುರಿಯುವ ಒಲೆಯೂ ಇಲ್ಲ. ಕಂಪನಿ ಯಾಕಪ್ಪಾ?"

"ಅವರ ಭಯಕ್ಕೆ, ಮಾವ. ಒಬ್ಬರಲ್ಲೇ ಕೆಲಸ ಮಾಡುವವನು ಹೆಸರಿಗೆ ಸ್ವತಂತ್ರ, ನಿಜವಾಗಿ ನೌಕರ ಅಂತ ಪಿಂಚಣಿಯವರು ತೀರ್ಮಾನ ಮಾಡಿದರೆ, ಹಿಂದಿನ ಕಂತನ್ನೆಲ್ಲ ಅವರು ಕಟ್ಟಬೇಕಾಗುತ್ತೆ. ಕಂಪನಿ ಇದ್ದರೆ ಆ ಕಾಟ ಇಲ್ಲ ಅಂತ ಅವರ ಲೆಕ್ಕ."

ಲೆಕ್ಕವನ್ನು ಪರೀಕ್ಷಿಸಲು ಮರುದಿನ ಅವನ ತೆರಿಗೆಯ ಸಲಹೆಗಾರರಲ್ಲಿಗೆ ಹೋದೆವು. ನರೆತ ತಲೆಯ ಹೆಂಗಸು, ಮಾತು ಕಡಮೆ. ಒಬ್ಬನೇ ಆಸಾಮಿಯ ಕಂಪನಿಯಾದರೂ, ಆ ಒಬ್ಬನು ಒಂದೆಡೆ ನೌಕರನಂತೆಯೇ ದುಡಿಯುತ್ತಿದ್ದರೆ ಅವನನ್ನು ನೌಕರನೆಂದೇ ಎಣಿಸಬಹುದೆಂದು ಅಲ್ಲಿನ ಉಚ್ಚ ಸಾಮಾಜಿಕ ನ್ಯಾಯಾಲಯವು 2023ರ ಜುಲೈ ತಿಂಗಳಿನಲ್ಲಿ ತೀರ್ಪು ಕೊಟ್ಟಿದೆಯೆಂದು ಆಕೆ ಹೇಳಿದರು. ಅಂದಮೇಲೆ ನಿವೇಶನವನ್ನು ಮಾರಿ ಕೊಂಡ ಕೊಡೆ ಆ ಮಳೆಗೆ ಸೋರುವಂಥದೇ. ಬೇಕಾಗಿದ್ದುದು ಬೇರೆ ಬೇರೆ ಕಡೆಯ ಕೆಲಸ. ತನ್ನ ವೇಳೆಯನ್ನು ತಾನೇ ಗೊತ್ತುಮಾಡಿಕೊಳ್ಳುವ ಅಧಿಕಾರ. ಮತ್ತೊಂದು ತೊಡಕನ್ನೂ ಆಕೆಯೇ ನೆನಪಿಸಿದರು: ಹುಡುಗನ ವಾಸದ ಪರವಾನಗಿಯಲ್ಲಿ ಮಾಡಬಹುದಾದ ಕೆಲಸದ ಹೆಸರೇ ಬರೆದಿದೆ, ಕಂಪನಿಯ ಯಜಮಾನನಾಗುವ ಮೊದಲು ವಲಸೆಯ ಕಚೇರಿಯನ್ನು ಮತ್ತೆ ಕೇಳಬೇಕು. ಹೊಸದಾಗಿ ಸ್ವಂತ ಉದ್ಯೋಗಕ್ಕೆಂದು ಬರುವವರು 45 ದಾಟಿದ್ದರೆ ಮುಪ್ಪಿಗೆ ಸಾಕಷ್ಟು ಕೂಡಿಟ್ಟಿರುವುದನ್ನೂ ಅಲ್ಲಿ ತೋರಿಸಬೇಕಂತೆ. ನಾವು ಆ ವಯಸ್ಸನ್ನು ದಾಟಿ ಬಹಳ ಕಾಲವಾಯಿತು. ತೋರಿಸಲು ಪಿಂಚಣಿಯ ಪುಸ್ತಕವೊಂದೇ!

ಹುಡುಗನು ಆ ಸಂಸ್ಥೆಗೆ ಕಂಪನಿ ಕಟ್ಟಲಾರೆನೆಂದು ಬರೆದನು. ಕರಾರು ತಪ್ಪಿತು. ಎರಡು ತಿಂಗಳು ಮನೆ ನಡೆದುದು ಹೆಂಡತಿಯ ಚಿತ್ರಗಳಿಂದ. ಸಂತೆಯಲ್ಲಿ ಅಂಗಡಿ ಎತ್ತುವ ಹೊತ್ತಿಗೆ ಹೋಗಿ ಅಗ್ಗದ ತರಕಾರಿ ತರುತ್ತಿದ್ದರೆಂದು ಆಮೇಲೆ ತಿಳಿಯಿತು. ಜನವರಿಯಲ್ಲಿ ಒಂದು, ಮಾರ್ಚಿಯಲ್ಲಿ ಮತ್ತೆರಡು ಕಡೆ ಸಣ್ಣ ಸಣ್ಣ ಕೆಲಸಗಳು ಸಿಕ್ಕಿದುವು.

ಮೈಸೂರಿನಲ್ಲಿ ತಂಗಿಯ ಯಜಮಾನರಿಗೆ ಎಲ್ಲವನ್ನೂ ವಿವರಿಸಿ ಹೇಳಿದೆವು. ನಿವೇಶನವನ್ನು ಮಾರುವುದಿಲ್ಲವೆಂದು ಒಪ್ಪಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೆಲ್ಲ ಸರಿ, ಯಾರಾದರೂ ಕೇಳಿದರೆ ಹುಡುಗ ಏನಾಗಿದ್ದಾನೆ ಅಂತ ಹೇಳಲಿ?" ಎಂದರು. ತಂಗಿ ಕಾಫಿಯ ಲೋಟಗಳನ್ನು ಎತ್ತಿಕೊಳ್ಳುತ್ತ, "ಇಂಜಿನಿಯರು ಅನ್ನಿ, ಮೊದಲೂ ಹಾಗೇ ಅನ್ನುತ್ತಿದ್ದಿರಲ್ಲ" ಎಂದು ಒಳಕ್ಕೆ ಹೋದಳು.